ವಿಜೇತಾ ಬಸ್ಸಿನ ಎದುರು ಒಂದು ಕುರ್ಚಿ

೧

ಎಲ್ಲಿಂದ ಶುರು ಮಾಡಲಿ? ಅಂಗನವಾಡಿಯಿಂದಲೋ, ಬಸ್‌ಸ್ಟ್ಯಾಂಡಿನಿಂದಲೋ? ಮೂರು ವರ್ಷದ ಹುಡುಗಿಯಿಂದ ಶುರು ಮಾಡಿದರೆ, ಇವಳು ಮುಂದೆ ಏನೋ ಸಾಧಿಸುತ್ತಾಳೆ ಎಂದು ನೀವು ಮೊದಲ ಸಾಲಿಗೇ ಕಂಡುಹಿಡಿಯುತ್ತೀರಿ. ಇಪ್ಪತ್ತೆಂಟರ ಹೆಂಗಸಿನಿಂದ ಶುರು ಮಾಡಿದರೆ, ಇನ್ನೇನು ಫ್ಲ್ಯಾಶ್‌ಬ್ಯಾಕ್ ಬರುತ್ತದೆ ಎಂದು ಕಾದು ಕೂರುತ್ತೀರಿ. ಓದುಗರು ಈಗ ಭಾರೀ ಹುಷಾರು, ಮಾರಾಯ್ರೆ. ನೆಮ್ಮದಿಯಲ್ಲಿ ಒಂದು ಮೋಸ ಮಾಡಲೂ ಬಿಡುವುದಿಲ್ಲ.

ಮೊದಲ ಡ್ರಾಫ್ಟ್ ಹೀಗಿತ್ತು: "ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನ ಮೇಲೆ ಮುಂಜಾನೆಯ ಸೂರ್ಯ ಹೊಂಬಣ್ಣ ಚೆಲ್ಲುತ್ತಿದ್ದ." ಹರಿದು ಹಾಕಿದೆ. ಫ್ಲೈಓವರ್ ಬಂದ ಮೇಲೆ ನಮ್ಮ ಬಿ.ಸಿ.ರೋಡಿನ ಕೆಳಗಿನವರಿಗೆ ಮುಂಜಾನೆಯ ಸೂರ್ಯ ಕಾಣಿಸುವುದು ಹತ್ತು ಗಂಟೆಗೆ.

೨

ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ಅವಳ ಹೆಸರು ಮೋಕ್ಷಿತಾ. ಬಿ.ಸಿ.ರೋಡಿನಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್. ಬಸ್ ಮಾಲಕರ ಸಂಘದವರು ಮೂರು ತಿಂಗಳ ಟ್ರಯಲ್ ಎಂದು ಇಟ್ಟುಕೊಂಡಿದ್ದರು. ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಹೊರಟಿತು ಎಂದು ಬರೆದುಕೊಳ್ಳುವುದು, ಟೈಮ್ ಆದಾಗ ವಿಸಿಲ್ ಊದುವುದು, ಇಷ್ಟೇ ಕೆಲಸ.

ಕೇಳಲಿಕ್ಕೆ ಸುಲಭ. ಆದರೆ ಒಂದು ನಿಮಿಷ ಎಂದರೆ ಏನೆಂದು ನಮ್ಮ ಕಡೆಯ ಖಾಸಗಿ ಬಸ್ಸಿನವರನ್ನು ಕೇಳಬೇಕು. ಒಂದು ನಿಮಿಷ ಮುಂಚೆ ಹೊರಟರೆ ದಾರಿಯಲ್ಲಿ ಮುಂದಿನ ಬಸ್ಸಿನ ಜನ ನಿಮ್ಮವರು. ಒಂದು ನಿಮಿಷ ತಡವಾದರೆ ನಿಮ್ಮ ಜನ ಹಿಂದಿನವನವರು. ಆ ಒಂದು ನಿಮಿಷಕ್ಕಾಗಿ ಒಂದೇ ತಟ್ಟೆಯಲ್ಲಿ ಉಂಡವರು ಕಾಲರ್ ಹಿಡಿದುಕೊಂಡದ್ದನ್ನು ನಾನೇ ನೋಡಿದ್ದೇನೆ.

(ನಾನು ಯಾರು? ಈ ಕಥೆ ಬರೆಯುವವನು. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ದಿನಾ ಏಳು ನಲವತ್ತೆರಡರ 'ವಿಜೇತಾ' ಬಸ್ಸಿನಲ್ಲಿ ಸಿದ್ಧಕಟ್ಟೆಯ ಮೇಲಾಗಿ ಹೋಗುತ್ತೇನೆ. ಆ ಬಸ್ಸು ಎರಡು ವರ್ಷಗಳಿಂದ ಹೊರಡುತ್ತಿದ್ದದ್ದು ಏಳು ಮೂವತ್ತೆಂಟಕ್ಕೆ. ಮಾಣಿಯಿಂದ ಬರುವ ಬಸ್ಸು ಏಳು ನಲವತ್ತಕ್ಕೆ ಬಂದು ಮುಟ್ಟುತ್ತದೆ. ಅದರಲ್ಲಿದ್ದ ಮೂಡುಬಿದಿರೆಯ ಜನ ಇಳಿದು ಓಡಿ ಬಂದು ನಮ್ಮ ಬಸ್ಸಿನ ಬೆನ್ನು ನೋಡುವರು. ಅವರು ಹತ್ತದ ಕಾರಣ ನನಗೆ ಕಿಟಕಿ ಬದಿಯ ಸೀಟು, ಪಕ್ಕದಲ್ಲಿ ಖಾಲಿ ಸೀಟು ಖಾಯಂ. ಈ ತಪ್ಪನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಆಮೇಲೆ ಅವಳೇ ಹೇಳಿಸುತ್ತಾಳೆ.)

೩

ವಿಜೇತಾ ಬಸ್ಸಿನ ಮಾಲಕ ತರುಣ್. ಬಸ್ಸಿಗೆ ಮಗಳ ಹೆಸರು ಇಟ್ಟವನು. ಡ್ರೈವರ್ ನಿಝಾರ್. ಮೋಕ್ಷಿತಾ ಕೆಲಸಕ್ಕೆ ಸೇರಿದ ಮೊದಲ ದಿನ ನಿಝಾರ್ ಎಂದಿನಂತೆ ಏಳು ಮೂವತ್ತೆಂಟಕ್ಕೆ ಗಾಡಿ ಸ್ಟಾರ್ಟ್ ಮಾಡಿದ.

"ನಿಝಾರಣ್ಣ, ಇನ್ನೂ ನಾಲ್ಕು ನಿಮಿಷ ಉಂಟು" ಎಂದಳು ಅವಳು.

ಅವನು ನಗುತ್ತಾ ಹೋಗಿಬಿಟ್ಟ. ಎರಡನೇ ದಿನವೂ ಅದೇ ಮಾತು, ಅದೇ ನಗು. ಮೂರನೇ ದಿನ ಅವಳು ಕ್ಯಾಂಟೀನಿನಿಂದ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಬಂದು, ಬಂಪರಿಗೆ ಒಂದು ಮೊಳ ಜಾಗ ಬಿಟ್ಟು, ಬಸ್ಸಿನ ಎದುರೇ ಹಾಕಿ ಕೂತಳು. ಬೊಬ್ಬೆ ಇಲ್ಲ, ಬೈಗುಳ ಇಲ್ಲ. ಮಡಿಲಲ್ಲಿ ಪುಸ್ತಕ, ಕಣ್ಣು ವಾಚಿನ ಮೇಲೆ.

ನಿಝಾರ್ ಹಾರ್ನ್ ಹೊಡೆದ. ಮತ್ತೆ ಹೊಡೆದ. ಕೊನೆಗೆ ತಲೆ ಹೊರಗೆ ಹಾಕಿದ.

"ಅಕ್ಕ, ಎಂತ ಮಾರಾಯ್ರೆ ಇದು? ಸೈಡ್ ಕೊಡಿ. ಓನರ್ ಹೋಗ್ಲಿಕ್ಕೆ ಹೇಳಿದ್ದಾರೆ, ಇಲ್ಲದಿದ್ರೆ ಹಿಂದಿನ ಬಸ್ಸಿನವ ದಾರಿಯ ಜನ ಎತ್ತಿಕೊಳ್ತಾನಂತೆ."

"ಹೋಗಿ. ನಾನು ಬೇಡ ಅನ್ಲಿಲ್ಲ. ಏಳು ನಲವತ್ತೆರಡಕ್ಕೆ ಹೋಗಿ."

ಮಾಣಿಯ ಬಸ್ಸು ಬಂತು. ಹನ್ನೊಂದು ಜನ ಓಡಿ ಬಂದು, ಎದುರಿಗೆ ಬಸ್ಸು ಇನ್ನೂ ನಿಂತಿರುವುದನ್ನು ಕಂಡು, ಯಾವುದೋ ಬೇರೆ ಬಸ್ಸೆಂದು ಭ್ರಮಿಸಿ ಬೋರ್ಡು ಎರಡೆರಡು ಸಲ ಓದಿ ಹತ್ತಿದರು. ಏಳು ನಲವತ್ತೆರಡಕ್ಕೆ ಮೋಕ್ಷಿತಾ ಎದ್ದು, ಕುರ್ಚಿಯನ್ನು ಗೋಡೆಗೆ ತಾಗಿಸಿಟ್ಟು, ವಿಸಿಲ್ ಊದಿದಳು. ನನ್ನ ಪಕ್ಕದಲ್ಲಿ ಒಬ್ಬ ದಪ್ಪ ಮನುಷ್ಯ ಹಲಸಿನಹಣ್ಣಿನೊಂದಿಗೆ ಕೂತಿದ್ದ. ಸಿದ್ಧಕಟ್ಟೆಯವರೆಗೂ ನಾನು ಅವಳಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ.

೪

ಇಲ್ಲಿಗೆ ನಾನು ಒಂದು ಭಾಷಣ ಬರೆದಿದ್ದೆ. ಅದರಲ್ಲಿ ಮೋಕ್ಷಿತಾ ಕುರ್ಚಿಯ ಮೇಲೆ ನಿಂತು, "ನಾಲ್ಕು ನಿಮಿಷ ಎಂದರೆ ಬಡವರ ಬದುಕು!" ಎಂದು ಗುಡುಗುತ್ತಿದ್ದಳು. ಮೂರು ಆಶ್ಚರ್ಯಸೂಚಕ ಚಿಹ್ನೆಗಳಿದ್ದವು. ಬರೆದು ಮುಗಿಸಿ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವಳಿಗೇ ಓದಿ ಹೇಳಿದೆ.

"ಇದು ಯಾರು ಸರ್?"

"ನೀವೇ."

"ನಾನು ಯಾವಾಗ ಇಷ್ಟು ಮಾತಾಡಿದ್ದು?"

"ಕಥೆ ಅಲ್ವಾ, ಸ್ವಲ್ಪ ಮಸಾಲೆ..."

"ಮಸಾಲೆ ಹಾಕಿ ಸರ್, ಬೇಡ ಅನ್ನುವುದಿಲ್ಲ. ಮೊದಲು ಮೀನು ಇರ್ಲಿ."

ಭಾಷಣ ಹೋಯಿತು. ಒಂದು ಆಶ್ಚರ್ಯಸೂಚಕ ಚಿಹ್ನೆಯನ್ನು ನೆನಪಿಗೆ ಇಟ್ಟುಕೊಂಡಿದ್ದೇನೆ!

೫

ಕುರ್ಚಿಯ ಸಂಗತಿ ಎರಡು ತಿಂಗಳು ನಡೆಯಿತು. ದಿನಾ ಬೆಳಿಗ್ಗೆ ನಾಲ್ಕು ನಿಮಿಷ. ತರುಣ್ ಸಂಘದ ಆಫೀಸಿಗೆ ಹೋಗಿ ದೂರು ಕೊಟ್ಟ. ಮೋಕ್ಷಿತಾಳಿಗೂ ಕರೆ ಬಂತು. ಸಂಘದ ಅಧ್ಯಕ್ಷರು ಮುಂಡಪ್ಪಣ್ಣ. ನಲವತ್ತು ವರ್ಷ ಬಸ್ಸು ಓಡಿಸಿ ಈಗ ಸಂಘವನ್ನು ಓಡಿಸುತ್ತಿರುವವರು. (ಮಾತುಕತೆ ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ಇಳಿಸುವಾಗ ಸ್ವಲ್ಪ ಬಿಸಿ ಆರಿದೆ, ಕ್ಷಮಿಸಿ.)

"ಇವಳ ಹಠ ಇವತ್ತಿನದ್ದಲ್ಲ ಅಣ್ಣ" ಎಂದ ತರುಣ್. "ನಾವಿಬ್ರೂ ಒಂದೇ ಅಂಗನವಾಡಿಗೆ ಹೋದವರು. ಮೂರು ವರ್ಷದಲ್ಲೇ ಹೀಗೆ. ಕೂತರೆ ಜೆಸಿಬಿ ತಂದರೂ ಏಳ್ಲಿಕ್ಕಿಲ್ಲ."

ಮುಂಡಪ್ಪಣ್ಣ ಕನ್ನಡಕ ತೆಗೆದು ಒರೆಸಿ ಮೋಕ್ಷಿತಾಳ ಕಡೆ ನೋಡಿದರು. "ಹುಟ್ಟುಗುಣ ಸುಟ್ಟರೂ ಹೋಗುದಿಲ್ಲ ಅಂತ ಹಿರಿಯರು ಸುಮ್ನೆ ಹೇಳಿದ್ದಲ್ಲ. ನೋಡು ಮಗಾ, ಬರುವ ಸೋಮವಾರ ಮೀಟಿಂಗ್ ಉಂಟು. ಒಂದು ಗುಣನಡತೆ ಪತ್ರ ತಾ. ಖಾಯಂ ಮಾಡುವುದೋ ಕಳಿಸುವುದೋ ಆವತ್ತು ನೋಡುವ."

ಮೋಕ್ಷಿತಾ ತಲೆಯಾಡಿಸಿದಳು. ಇದು ಅವಳ ನಾಲ್ಕನೇ ಕೆಲಸ. ಬಟ್ಟೆಯಂಗಡಿಯ ಬಿಲ್ ಕೌಂಟರಿನಲ್ಲಿ ಧಣಿಯ ಭಾವನನ್ನು ಸಾಲಿನ ಹಿಂದೆ ಕಳಿಸಿ ಮೊದಲ ಕೆಲಸ ಹೋಯಿತು. ಕ್ಲಿನಿಕ್ಕಿನಲ್ಲಿ ಟೋಕನ್ ಇಲ್ಲದೆ ಒಳಗೆ ಹೋಗಲು ಹೊರಟ ದೊಡ್ಡ ಮನುಷ್ಯರೊಬ್ಬರ ಎದುರು ಬಾಗಿಲಲ್ಲಿ ನಿಂತು ಎರಡನೆಯದು ಹೋಯಿತು. ಮೂರನೆಯದನ್ನು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ತಾಯಿ ಸೇಸಮ್ಮ ಬೀಡಿ ಕಟ್ಟಿ ಕಟ್ಟಿ ಬೆನ್ನು ಬಗ್ಗಿದವರು. ಪ್ರತಿ ಸಲವೂ ಒಂದೇ ಮಾತು: "ನಿನ್ನ ಈ ಬುದ್ಧಿ ಬಿಡು ಮಗಾ." ಹಠವನ್ನೇ ಕೆಲಸವೆಂದು ಕೊಟ್ಟ ಜಾಗ ಪ್ರಪಂಚದಲ್ಲಿ ಇದೊಂದೇ ಎಂದು ಅವಳಿಗೆ ಅನ್ನಿಸಿತ್ತು. ಇಲ್ಲಿಂದಲೂ ಕಳಿಸಿದರೆ, ತಾನು ತಪ್ಪಾಗಿಯೇ ಹುಟ್ಟಿದವಳು ಎಂದು ಒಪ್ಪಿಕೊಳ್ಳುವುದೊಂದೇ ಬಾಕಿ.

(ಈ ನಡುವೆ ನಾನು ಮೊಬೈಲಿನಲ್ಲಿ ಹುಡುಕಿ ಓದಿದೆ. ಮಗುವಿನ ಸ್ವಭಾವಕ್ಕೂ ದೊಡ್ಡವರಾದ ಮೇಲಿನ ವ್ಯಕ್ತಿತ್ವಕ್ಕೂ ನಂಟು ಉಂಟಾ? ಉಂಟು ಎನ್ನುವವರು ಉಂಟು. ಅಷ್ಟೇನೂ ಇಲ್ಲ ಎನ್ನುವವರೂ ಉಂಟು. ಎಲ್ಲರೂ ಗ್ರಾಫ್ ಹಾಕಿದ್ದಾರೆ. ಗ್ರಾಫಿನಲ್ಲಿ ಒಂದು ಕುರ್ಚಿಯೂ ಕಾಣಲಿಲ್ಲ.)

೭

ಸೋಮವಾರ ಸಂಜೆ ಸಂಘದ ಮೀಟಿಂಗ್ ಶುರುವಾಯಿತು. ಫ್ಯಾನು ತಿರುಗುತ್ತಿತ್ತು. ಮೋಕ್ಷಿತಾ ಒಳಗೆ

ಒಳಗೆ

ಬರಲಿಲ್ಲ. ನಾನು ಬರೆಯುತ್ತೇನೆ, ಅವಳು ಬರುವುದಿಲ್ಲ. ಏನೆಂದು ನೋಡಿದರೆ, ಮೇಲಿನ ಸಾಲಿಗೂ ಈ ಸಾಲಿಗೂ ನಡುವೆ ಕೆಂಪು ಕುರ್ಚಿ ಹಾಕಿ ಕೂತಿದ್ದಾಳೆ.

"ಏನಾಯ್ತು?"

"ಐದಾದ ಮೇಲೆ ಏಳು ಹೇಗೆ ಬಂತು ಸರ್? ಆರು ಎಲ್ಲಿ?"

ಸಿಕ್ಕಿಬಿದ್ದೆ. ಆರು ಇತ್ತು. ಅದರಲ್ಲಿ ಇವಳದ್ದೇ ಒಂದು ತಪ್ಪು ಇತ್ತು. ಗೆಲ್ಲುವ ಕಥೆಗೆ ಅದು ಅಡ್ಡ ಎಂದು ಹಾರಿಸಿದ್ದೆ.

"ನಿಮ್ಮ ಒಳ್ಳೆಯದಕ್ಕೇ ಬಿಟ್ಟದ್ದು" ಎಂದೆ.

"ಆರರ ಸರದಿ ಆರಕ್ಕೆ ಸರ್. ನನ್ನದಾದರೂ ಅಷ್ಟೆ."

ಒಂದು ದಿನ ಕಾದೆ. ಏಳಲಿಲ್ಲ. ಎರಡನೇ ದಿನ ನಾನೇ ಸೋತೆ.

೬

ಆದಿತ್ಯವಾರ ಮೋಕ್ಷಿತಾ ತಾಯಿಯನ್ನು ಕರೆದುಕೊಂಡು ಬೆಳ್ತಂಗಡಿಗೆ ಹೋದಳು. ಗುಣನಡತೆ ಪತ್ರವನ್ನು ಎಲ್ಲರೂ ಕೊನೆಗೆ ಕಲಿತ ಕಾಲೇಜಿನಿಂದ ತರುತ್ತಾರೆ. ಇವಳ ಲೆಕ್ಕ ಬೇರೆ. ಅಪವಾದ ಮೂರು ವರ್ಷದ್ದು, ಹಾಗಾದರೆ ಸಾಕ್ಷಿಯೂ ಅಲ್ಲಿಯದ್ದೇ ಆಗಬೇಕು. ಅಂಗನವಾಡಿಯ ನೀಲಾವತಿ ಟೀಚರ್ ನಿವೃತ್ತಿಯಾಗಿ ಬೆಳ್ತಂಗಡಿಯಲ್ಲಿ ತಂಗಿಯ ಮನೆಯಲ್ಲಿದ್ದರು.

ಟೀಚರ್ ಒಳಗಿನಿಂದ ಹಳೆಯ ನೋಟ್‌ಬುಕ್ಕುಗಳ ಒಂದು ಕಟ್ಟು ತಂದರು. "ಸರ್ಕಾರಕ್ಕೆ ಬೇಕಾದ್ದು ಮಕ್ಕಳ ತೂಕ, ಎತ್ತರ. ಗುಣಕ್ಕೆ ಕಾಲಂ ಇರ್ಲಿಲ್ಲ. ನಾನೇ ಒಂದು ಗೆರೆ ಎಳೆದುಕೊಂಡೆ" ಎಂದರು. ಪುಟ ತೆರೆದು ಓದಿದರು.

"ಮೋಕ್ಷಿತಾ. ಮೂರು ವರ್ಷ ನಾಲ್ಕು ತಿಂಗಳು. ಸಜ್ಜಿಗೆಯ ಸಾಲಿನಲ್ಲಿ ಯಾರಾದರೂ ನುಗ್ಗಿದರೆ ಅಡುಗೆಕೋಣೆಯ ಬಾಗಿಲಲ್ಲಿ ಕೂತುಬಿಡುತ್ತಾಳೆ. ಅಳುವುದಿಲ್ಲ. ಹೊಡೆಯುವುದಿಲ್ಲ. ಏಳುವುದೂ ಇಲ್ಲ."

(ಘಟ್ಟದ ಮೇಲಿನವರೇ, ಸಜ್ಜಿಗೆ ಎಂದರೆ ನಿಮ್ಮ ಉಪ್ಪಿಟ್ಟು.)

ಸೇಸಮ್ಮ ಹಣೆ ಚಚ್ಚಿಕೊಂಡರು. "ಅದೇ ಟೀಚರೇ, ಅದೇ! ಇದು ಇದರ ಅಪ್ಪನ ಕಡೆಯದ್ದು!"

ಟೀಚರ್ ಮುಂದಿನ ಸಾಲು ಓದಿದರು. "ಇವತ್ತು ತರುಣ್ ನುಗ್ಗಿದ. ಇವಳು ಬಾಗಿಲಲ್ಲಿ ಕೂತಳು. ಎತ್ತಲು ಹೋದರೆ ಬಾಗಿಲ ದಾರಂದದ ಚೌಕಟ್ಟು ಹಿಡಿದುಕೊಂಡಳು. ಒಳಗೆ ಒಲೆಯ ಮೇಲಿದ್ದ ಸಜ್ಜಿಗೆ ಅಡಿ ಹಿಡಿದು ಕರಟಿಹೋಯಿತು. ಹದಿನಾಲ್ಕು ಮಕ್ಕಳು ಹಸಿದು ಮನೆಗೆ ಹೋದರು."

ಮೋಕ್ಷಿತಾಳಿಗೆ ಇದು ನೆನಪೇ ಇರಲಿಲ್ಲ. ಹದಿನಾಲ್ಕು ಮಕ್ಕಳು. ನ್ಯಾಯ ತನ್ನ ಕಡೆಗೇ ಇತ್ತು, ಆದರೂ ಯಾರ ಹೊಟ್ಟೆಗೂ ಏನೂ ಬೀಳಲಿಲ್ಲ. ಅವಳಿಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಎದ್ದು ಹೋಗಿಬಿಡುವ ಎಂದು ಅನ್ನಿಸಿತು.

"ಕೂತ್ಕೋ. ಮರುದಿನದ್ದು ಬಾಕಿ ಉಂಟು" ಎಂದರು ಟೀಚರ್.

"ಇವತ್ತು ಹುಡುಗ ಮತ್ತೆ ನುಗ್ಗಿದ. ಇವಳು ಮತ್ತೆ ಕೂತಳು. ಆದರೆ ಬಾಗಿಲು ಬಿಟ್ಟು ಹುಡುಗನ ಎದುರು ಕೂತಳು. ಅವನು ಹಿಂದೆ ಹೋದ. ಅವನು ಹೋದ ಮೇಲೆ ಇವಳೂ ಎದ್ದು, ತನ್ನ ಮೂರನೇ ಜಾಗ ಬಿಟ್ಟು, ಹೋಗಿ ಅವನ ಹಿಂದೆ ನಿಂತಳು. ಎಲ್ಲರಿಗಿಂತ ಕೊನೆಗೆ. ಹುಡುಗ ತಿರುಗಿ ತಿರುಗಿ ಅವಳನ್ನು ನೋಡುತ್ತಿದ್ದ. ಆಮೇಲೆ ಅವನು ನುಗ್ಗಲಿಲ್ಲ."

ತರುಣನ ಪುಟವನ್ನೂ ಟೀಚರ್ ತೋರಿಸಿದರು. ಅದು ಎರಡೇ ಸಾಲು. ಏನಿತ್ತೆಂದು ಈಗ ಹೇಳುವುದಿಲ್ಲ. (ಇದು ಹಾರಿಸುವುದಲ್ಲ. ಅದರ ಸರದಿ ಏಳರಲ್ಲಿ.)

೭, ಈ ಸಲ ಸರಿಯಾಗಿ

ಸೋಮವಾರ ಸಂಜೆ. ಸಂಘದ ಆಫೀಸು ತುಂಬಿತ್ತು. ಮೋಕ್ಷಿತಾ ಒಳಗೆ ಬಂದಳು, ಹಿಂದೆ ನೀಲಾವತಿ ಟೀಚರ್, ಅವರ ಕೈಯಲ್ಲಿ ನೋಟ್‌ಬುಕ್ಕು. ಅರ್ಧ ಸಭೆ ಎದ್ದು ನಿಂತಿತು. ಅಲ್ಲಿದ್ದ ಏಳೆಂಟು ಮಾಲಕರ ಮೂಗು ಒರೆಸಿದ್ದು ಅದೇ ಟೀಚರ್.

"ಗುಣನಡತೆ ಪತ್ರ ತಂದಿದ್ದೇನೆ" ಎಂದಳು ಮೋಕ್ಷಿತಾ. ಟೀಚರ್ ಓದಿದರು. ಕೂತದ್ದನ್ನು ಓದಿದರು. ಹದಿನಾಲ್ಕು ಮಕ್ಕಳನ್ನು ಓದಿದರು. ಆಗ ತರುಣ್ ಮೇಜು ಬಡಿದು ಎದ್ದ.

"ಕೇಳಿದ್ರಾ? ನಾನು ಹೇಳಿದ್ದು ಅದೇ! ಇವಳ ಹಠಕ್ಕೆ ಊರಿಡೀ ಉಪವಾಸ!"

"ಅದು ನಿಜ" ಎಂದಳು ಮೋಕ್ಷಿತಾ. "ಆ ದಿನ ತಪ್ಪು ನನ್ನದು." ಸಭೆ ಇಂಥದ್ದನ್ನು ಎದುರುನೋಡಿರಲಿಲ್ಲ. ತಪ್ಪು ಒಪ್ಪಿಕೊಳ್ಳುವವರು ಆ ಕೋಣೆಗೆ ಬಹುಕಾಲದಿಂದ ಬಂದಿರಲಿಲ್ಲ. ಟೀಚರ್ ಮರುದಿನದ ಸಾಲುಗಳನ್ನೂ ಓದಿದರು. ಮೂರನೇ ಜಾಗ ಬಿಟ್ಟು ಕೊನೆಗೆ ಹೋಗಿ ನಿಂತದ್ದು. ಆಮೇಲೆ ಪುಟ ತಿರುಗಿಸಿ, "ಇನ್ನು ತರುಣನದ್ದು..." ಎಂದು ಶುರು ಮಾಡಿದರು.

ಮೋಕ್ಷಿತಾ ಕೈ ಅಡ್ಡ ಹಿಡಿದಳು. "ಅದು ಬೇಡ ಟೀಚರ್. ಅವರೇ ಓದಲಿ."

ತರುಣ್ ನೋಟ್‌ಬುಕ್ಕು ತೆಗೆದುಕೊಂಡ. ಅವನು ತುಟಿ ಆಡಿಸಿ ಓದುವವನಾದ್ದರಿಂದ ಪಕ್ಕದಲ್ಲಿದ್ದ ನನಗೂ ಗೊತ್ತಾಯಿತು. (ನಾನು ಅಲ್ಲಿ ಹೇಗೆ ಎಂದು ಕೇಳಬೇಡಿ. ಲೇಖಕರಿಗೆ ಎಲ್ಲಾ ಮೀಟಿಂಗಿಗೂ ಪಾಸ್ ಉಂಟು.) "ತರುಣ್. ಮೂರು ವರ್ಷ ಒಂಬತ್ತು ತಿಂಗಳು. ತನಗೆ ಉಳಿಯುವುದಿಲ್ಲ ಎಂಬ ಹೆದರಿಕೆ, ಅದಕ್ಕೇ ನುಗ್ಗುತ್ತಾನೆ. ಬೈಯಬಾರದು. ಪಾಪ."

ಅವನು ಪುಸ್ತಕ ಮುಚ್ಚಿದ. ಮತ್ತೆ ತೆರೆದು ನೋಡಿದ. ಎರಡು ವರ್ಷಗಳಿಂದ ದಿನಾ ಬೆಳಿಗ್ಗೆ ಏಳೂವರೆಗೆ ಅವನನ್ನು ಹಿಡಿಯುವ ಹೆದರಿಕೆಯನ್ನು ಯಾರೋ ಬಾಲ್‌ಪೆನ್ನಿನಲ್ಲಿ ಆವತ್ತೇ ಬರೆದಿಟ್ಟಿದ್ದರು.

"ಟೀಚರ್, ನಾನು ಅಳ್ತಿದ್ದೆನಾ?" ಎಂದು ಕೇಳಿದ, ಸಣ್ಣ ಸ್ವರದಲ್ಲಿ.

"ದಿನಾ" ಎಂದರು ಟೀಚರ್. "ನನ್ನ ಸೀರೆಯ ಸೆರಗೆಲ್ಲ ನಿನ್ನದೇ."

ಸಭೆ ಗೊಳ್ಳೆಂದು ನಕ್ಕಿತು. ತರುಣ್ ಕೂಡ ನಕ್ಕ, ಕಣ್ಣು ಒರೆಸಿಕೊಂಡು. ಆಗ ಮೋಕ್ಷಿತಾ ಮಾತಾಡಿದಳು. ಎರಡು ತಿಂಗಳು ಅವನನ್ನು 'ನೀವು' ಎಂದೇ ಕರೆದಿದ್ದಳು. ಇವತ್ತು ಇಪ್ಪತ್ತೈದು ವರ್ಷ ಹಿಂದಿನ ಸಾಲಿಗೆ ಹೋಗಿ ನಿಂತಳು.

"ತರುಣ್, ನಿನ್ನ ಹಿಂದಿನ ಬಸ್ಸಿನದ್ದು ಏಳು ಐವತ್ತು. ಅದು ನಲವತ್ತೊಂಬತ್ತಕ್ಕೆ ಹೊರಟರೆ ಅದರ ಎದುರೂ ಕುರ್ಚಿ ಹಾಕ್ತೇನೆ. ನಿನ್ನ ಜನರನ್ನು ಯಾರೂ ತಗೊಂಡು ಹೋಗುದಿಲ್ಲ. ನೀನು ಸರಿ ಟೈಮಿಗೆ ಹೊರಡು. ನಿನಗೆ ಉಳಿಯುತ್ತದೆ. ನಾನು ಹಿಂದೆ ನಿಂತಿದ್ದೇನೆ ಅಲ್ವಾ?"

ಏಳು ಐವತ್ತರ ಬಸ್ಸಿನ ಮಾಲಕ ಮೆಲ್ಲಗೆ ಕಾಲು ಒಳಗೆಳೆದುಕೊಂಡ.

ಮುಂಡಪ್ಪಣ್ಣ ಕನ್ನಡಕ ಹಾಕಿಕೊಂಡರು. "ಬೆಳೆಯ ಸಿರಿ ಮೊಳಕೆಯಲ್ಲೇ ಅಂತ ಹಿರಿಯರು ಸುಮ್ನೆ ಹೇಳಿದ್ದಲ್ಲ" ಎಂದರು. ಹೋದ ವಾರ ಇದೇ ಹಿರಿಯರು ಬೇರೆ ಹೇಳಿದ್ದರಲ್ಲ ಎಂದು ಯಾರೂ ನೆನಪಿಸಲಿಲ್ಲ. "ನಾಳೆಯಿಂದ ಖಾಯಂ. ಒಂದು ಒಳ್ಳೆ ಮರದ ಕುರ್ಚಿ ಮಾಡಿಸಿ ಕೊಡುವ."

"ಪ್ಲಾಸ್ಟಿಕ್ಕಿನದ್ದೇ ಇರ್ಲಿ" ಎಂದಳು ಮೋಕ್ಷಿತಾ. "ಎತ್ಲಿಕ್ಕೆ ಹಗುರ."

ಬಾಗಿಲ ಹೊರಗೆ ನಿಂತಿದ್ದ ಸೇಸಮ್ಮ ಅಳುತ್ತಿದ್ದರು. "ಅಪ್ಪನ ಕಡೆಯದ್ದು ಅಂದೆನಲ್ಲ, ಅದು ಸುಳ್ಳು" ಎಂದು ಟೀಚರ ಕೈ ಹಿಡಿದು ಹೇಳಿದರು. "ಅದು ನನ್ನದೇ ಟೀಚರೇ. ನನಗೆ ಎಲ್ಲಿಯೂ ಕೂರ್ಲಿಕ್ಕೆ ಧೈರ್ಯ ಬರ್ಲಿಲ್ಲ, ಅಷ್ಟೆ."

೮

ಈಗ ಮುಕ್ತಾಯ. ಸ್ಟಾಕಿನಲ್ಲಿ ಮೂರು ಉಂಟು, ನಿಮಗೆ ಬೇಕಾದ್ದು ಆರಿಸಿಕೊಳ್ಳಿ.

ಒಂದು: ತರುಣನಿಗೂ ಮೋಕ್ಷಿತಾಳಿಗೂ ಪ್ರೀತಿಯಾಗುತ್ತದೆ. ("ಅವನಿಗೆ ಹೆಂಡತಿ, ಮಗಳು ಉಂಟು ಸರ್. ಬಸ್ಸಿನ ಬೋರ್ಡು ಓದಿ.") ರದ್ದು.

ಎರಡು: ಹತ್ತು ವರ್ಷ ಕಳೆಯುತ್ತದೆ, ಮೋಕ್ಷಿತಾ ಸಂಘದ ಅಧ್ಯಕ್ಷೆ. ("ಮುಂಡಪ್ಪಣ್ಣ ಇನ್ನೂ ಗಟ್ಟಿ ಇದ್ದಾರೆ. ಸರದಿ ಬರ್ಲಿ.") ರದ್ದು.

ಮೂರು: ಮಂಗಳೂರಿನ ಒಂದು ಕಥಾ ಕಮ್ಮಟದಲ್ಲಿ ನನಗೆ ಕಲಿಸಿದ್ದಾರೆ, ಕಥೆಯ ಕೊನೆಗೆ ಪಾತ್ರ ಬದಲಾಗಿರಬೇಕು ಎಂದು. ಹಾಗಾಗಿ ಮೋಕ್ಷಿತಾ ಹಠ ಬಿಟ್ಟು ಮೃದುವಾಗುತ್ತಾಳೆ. ಇದನ್ನು ಕೇಳಿ ಅವಳು ನನ್ನನ್ನು ನೋಡಿದಳು. ಮೂರು ವರ್ಷ ನಾಲ್ಕು ತಿಂಗಳಿನ ಹುಡುಗಿ ಹೀಗೆಯೇ ನೋಡಿರಬೇಕು. ನಾನೇ ಹೊಡೆದುಹಾಕಿದೆ.

ಬದಲಾಗಲಿಲ್ಲ, ಮಾರಾಯ್ರೆ! (ಉಳಿಸಿಟ್ಟ ಚಿಹ್ನೆ ಇಲ್ಲಿಗೆ ಬೇಕಾಯಿತು.) ಎಲ್ಲಿ ಕೂರಬೇಕು, ಯಾವಾಗ ಏಳಬೇಕು, ಎದ್ದ ಮೇಲೆ ಯಾರ ಹಿಂದೆ ಹೋಗಿ ನಿಲ್ಲಬೇಕು ಎಂದು ಕಲಿತಳು. ಕೂರುವವಳು ಅವಳೇ.

೯

ಮಂಗಳವಾರ ಬೆಳಿಗ್ಗೆ. ಏಳು ಮೂವತ್ತೆಂಟು. ನಾನು ಕಿಟಕಿ ಬದಿಯಲ್ಲಿ ಕೂತು ಈ ಕಥೆಯ ಕೊನೆಯ ಸಾಲು ಬರೆಯುತ್ತಿದ್ದೆ. ಬಸ್ಸಿನ ಎದುರು ಕುರ್ಚಿ ಇಲ್ಲ. ಎಲ್ಲಿ ಹೋಯಿತೆಂದು ನೋಡಿದರೆ ಗೋಡೆಯ ಹತ್ತಿರ ಇದೆ, ಅದರಲ್ಲಿ ತರುಣ್ ಕೂತಿದ್ದಾನೆ. ಅಂಗೈ ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದಾನೆ. ಮಾಣಿಯ ರಸ್ತೆಯನ್ನೇ ನೋಡುತ್ತಿದ್ದಾನೆ. ಅವನ ಹಿಂದೆ, ಗೋಡೆಗೆ ಒರಗಿ, ಪುಸ್ತಕ ಹಿಡಿದು ಮೋಕ್ಷಿತಾ ನಿಂತಿದ್ದಾಳೆ.

ಏಳು ನಲವತ್ತು. ಮಾಣಿಯ ಬಸ್ಸು ಬಂತು. ಮೊದಲು ಇಳಿದು ಓಡಿದವಳು ಫರ್ಹಾನ, ನನ್ನದೇ ಕಾಲೇಜಿನ ಎರಡನೇ ವರ್ಷದ ವಿದ್ಯಾರ್ಥಿನಿ. ಕುರ್ಚಿ ಬರುವ ಮೊದಲು ಒಂದೂವರೆ ವರ್ಷ ನಾನು ದಿನಾ ಅವಳಿಗೆ ಮೊದಲ ಪೀರಿಯಡ್ ಆಬ್ಸೆಂಟ್ ಹಾಕಿದವನು. ಯಾವ ಬಸ್ಸು ತಪ್ಪುತ್ತಿತ್ತೆಂದು ಒಮ್ಮೆಯೂ ಕೇಳಲಿಲ್ಲ. ಅವಳ ಹಿಂದೆ ಇಬ್ಬರು, ಐವರು, ಹದಿನಾರು ಜನ. ತರುಣ್ ಬೆರಳು ಮಡಚಿ ಎಣಿಸುತ್ತಿದ್ದ. ಹದಿನಾರಕ್ಕೆ ಅವನ ಮುಖದಲ್ಲಿ ಬಂದ ನಗುವನ್ನು ನೀಲಾವತಿ ಟೀಚರ್ ನೋಡಬೇಕಿತ್ತು.

ನಾನು ಎದ್ದು ಫರ್ಹಾನಳಿಗೆ ಸೀಟು ಬಿಟ್ಟೆ. ಹೋಗಿ ಎಲ್ಲರಿಗಿಂತ ಹಿಂದೆ ನಿಂತೆ.

ಏಳು ನಲವತ್ತೊಂದು. ಬಸ್ಸು ತುಂಬಿದೆಯಲ್ಲ, ಇನ್ನೇನು ಎಂದು ನಿಝಾರ್ ಹಾರ್ನ್ ಹೊಡೆದ.

"ಏ ನಿಝಾರ್, ಇನ್ನೂ ಒಂದು ನಿಮಿಷ ಉಂಟು!"

ಕೂಗಿದ್ದು ಮೋಕ್ಷಿತಾ ಅಲ್ಲ, ತರುಣ್. ಕುರ್ಚಿಯಿಂದ ಏಳದೆಯೇ ಕೂಗಿದ.

ಇದಕ್ಕಿಂತ ಒಳ್ಳೆಯ ಕೊನೆ ಯಾವ ಕಮ್ಮಟದಲ್ಲೂ ಸಿಗಲಿಕ್ಕಿಲ್ಲ ಎಂದು, ಕಂಬಿಗೆ ಒರಗಿ ನಿಂತೇ, ಪೂರ್ಣವಿರಾಮ ಇಡಲು ನಾನು ಪೆನ್ನು ಎತ್ತಿದೆ. ಕಿಟಕಿಯಾಚೆಯಿಂದ ಮೋಕ್ಷಿತಾ ನನ್ನ ಪೆನ್ನು ನೋಡಿದಳು, ವಾಚು ನೋಡಿದಳು. ವಿಸಿಲ್ ತುಟಿಯಲ್ಲಿತ್ತು, ಊದಿರಲಿಲ್ಲ. ದೂರದಲ್ಲಿ, ಫ್ಲೈಓವರಿನ ಕೆಳಗೆ, ಇನ್ನೂ ಯಾರೋ ಕೈ ಬೀಸುತ್ತಾ ಓಡಿ ಬರುತ್ತಿದ್ದಾರೆ

ಸರಿ, ಕಾಯುವ